ಫ್ಲೂ ಹೋಗಿ ತಿಂಗಳು ಮೀರಿದರೂ ಏಳಲಾಗುತ್ತಿಲ್ಲ: ನಡೆಸಬೇಕೋ, ಮಲಗಿಸಬೇಕೋ?

ದಾವಣಗೆರೆಯ ಗೃಹಿಣಿ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 48 ವರ್ಷ, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕರು. ಮಳೆಗಾಲದಲ್ಲಿ ಜ್ವರ ಹಿಡಿಯಿತು. ಪರೀಕ್ಷೆಯಲ್ಲಿ ಎಚ್‌3ಎನ್‌2 ಎಂಬ ಫ್ಲೂ ಎಂದು ಬಂತು. ಅದು ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರಿದರು, ಆಮ್ಲಜನಕ ಹಾಕಬೇಕಾಯಿತು. ಮನೆಗೆ ಬಂದು ಒಂದೂವರೆ ತಿಂಗಳ ಮೇಲಾಯಿತು. ಜ್ವರವಿಲ್ಲ, ಎಕ್ಸ್‌ರೇ ತಿಳಿಯಾಗುತ್ತಿದೆ ಎಂದಿದ್ದಾರೆ. ಆದರೆ ಮನುಷ್ಯ ಮೊದಲಿನಂತಿಲ್ಲ. ಸ್ನಾನ ಮುಗಿಸಿ ಬಂದರೆ ಮಂಚದ ಅಂಚಿನಲ್ಲಿ ಕುಳಿತು, ಒದ್ದೆ ಟವೆಲ್ ಹೆಗಲ ಮೇಲೆ ಹಾಗೆಯೇ ಬಿಟ್ಟು, ಅಂಗಿ ತೊಡುವ ಮೊದಲು ಸುಮಾರು ಹೊತ್ತು ಸುಧಾರಿಸಿಕೊಳ್ಳುತ್ತಾರೆ. ರಾತ್ರಿ ತಲೆ ದಿಂಬಿಗಿಟ್ಟರೆ ಸಾಕು, ಕೆಮ್ಮು ಶುರು.

ಅತ್ತೆಯವರು “ಮಲಗಿದಷ್ಟೂ ಮೈ ಜಡ್ಡುಗಟ್ಟುತ್ತದೆ, ಬೆಳಿಗ್ಗೆ ಎಬ್ಬಿಸಿ ಪಾರ್ಕಿಗೆ ಕರೆದುಕೊಂಡು ಹೋಗು” ಎನ್ನುತ್ತಾರೆ. ಮೈದುನ “ಅಣ್ಣನನ್ನು ಮಲಗಲು ಬಿಡಿ ಅತ್ತಿಗೆ” ಎನ್ನುತ್ತಾನೆ. ಹೋದ ವಾರ ಶಾಲೆಗೆ ಹೋಗಿ ಎರಡು ಪೀರಿಯಡ್ ಪಾಠ ಮಾಡಿ ಬಂದರು. ಆ ದಿನ ಚೆನ್ನಾಗಿಯೇ ಇದ್ದರು. ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಏಳುವ ತ್ರಾಣವೂ ಇರಲಿಲ್ಲ, ವಾರದ ಕೊನೆಯವರೆಗೂ ಹಾಗೆಯೇ ಇದ್ದರು. ಎದುರು ಮನೆಯವರು “ಇನ್ನೂ ಹುಷಾರಾಗಿಲ್ಲವೇ?” ಎಂದು ಕೇಳಿದರೆ ಅವರ ಮುಖ ಕಪ್ಪಿಡುತ್ತದೆ. “ನಾನೇನು ನಾಟಕ ಮಾಡುತ್ತಿದ್ದೇನೆಯೇ?” ಎಂದು ನನ್ನನ್ನೇ ಕೇಳುತ್ತಾರೆ. ಅನುಭವ ಇರುವವರು ಹೇಳಿ. ನಡೆಸಬೇಕೋ, ಮಲಗಿಸಬೇಕೋ?

ತುಂಗಾತೀರ
ನಿಮ್ಮ ಅತ್ತೆ ಹೇಳುವುದು ಸರಿ. ನಮ್ಮ ತಂದೆಗೆ 74. ಇದೇ ರೀತಿ ನ್ಯುಮೋನಿಯಾ ಆಗಿ ಮನೆಗೆ ಬಂದ ಮೇಲೆ ಅಮ್ಮ ಅವರನ್ನು ಹಾಸಿಗೆಯಿಂದ ಕೆಳಗಿಳಿಯಲು ಬಿಡಲಿಲ್ಲ. ತೊಡೆ ಕರಗಿ ಕಡ್ಡಿಯಾಯಿತು. ಕಮೋಡಿನಿಂದ ಏಳಲು ಇಬ್ಬರು ಹಿಡಿಯಬೇಕಾಯಿತು. ಫಿಸಿಯೋಥೆರಪಿಯವರು ಬಂದು ದಿನಕ್ಕೆ ನಾಲ್ಕು ಸಲ ಕುರ್ಚಿಯಿಂದ ಎದ್ದು ಕೂರಿಸಲು ಶುರು ಮಾಡಿದ ಮೇಲೆ ಮನುಷ್ಯರಾದರು. ನಡೆಸಿ, ಯೋಚಿಸಬೇಡಿ.

ಎರಡನೇ ಅಲೆ ಕಂಡವಳು
ದಯವಿಟ್ಟು ಹಾಗೆ ಒಂದೇ ಏಟಿಗೆ ಹೇಳಬೇಡಿ. 2021ರ ಮೇ ತಿಂಗಳಲ್ಲಿ ನನ್ನ ತಂಗಿಗೆ ಕೋವಿಡ್ ಬಂದಾಗ ಎಲ್ಲರೂ ಅವಳಿಗೆ ಇದನ್ನೇ ಹೇಳಿದರು. “ನಡೆ, ಯೋಗ ಮಾಡು, ಮನಸ್ಸು ಗಟ್ಟಿ ಮಾಡಿಕೋ.” ಅವಳು ಹಟದಿಂದ ನಡೆದಳು, ಪ್ರತಿ ಸಲವೂ ಮರುದಿನ ಕುಸಿದಳು. ಶ್ರಮಪಟ್ಟ ದಿನ ಚೆನ್ನಾಗಿದ್ದು ಮರುದಿನವೋ ಅದರ ಮರುದಿನವೋ ನೆಲಕಚ್ಚುವುದು ಬರೀ ನಿತ್ರಾಣವಲ್ಲ, ಅದು ಬೇರೆಯೇ ಲಕ್ಷಣ. ಶಾಲೆಗೆ ಹೋಗಿ ಬಂದ ಮೇಲೆ ಏನಾಯಿತು ಎಂದು ಅಕ್ಕ ಬರೆದಿರುವುದನ್ನು ಇನ್ನೊಮ್ಮೆ ಓದಿ. ಅಂಥವರನ್ನು ದೂಡಿದರೆ ಹಿಂದಕ್ಕೇ ಹೋಗುತ್ತಾರೆ.

ತುಂಗಾತೀರ
ಅದು ಕೋವಿಡ್ ಮೇಡಂ. ಇವರದು ಫ್ಲೂ.

ಎರಡನೇ ಅಲೆ ಕಂಡವಳು
ಫ್ಲೂ, ಡೆಂಗಿ, ಗ್ರಂಥಿಜ್ವರ, ಯಾವ ಸೋಂಕಿನ ನಂತರವೂ ಕೆಲವರಿಗೆ ಹೀಗಾಗುತ್ತದೆ. ಕೋವಿಡ್‌ನಿಂದಾಗಿ ಅದು ಎಲ್ಲರ ಗಮನಕ್ಕೆ ಬಂತು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ದೀರ್ಘ ಕೋವಿಡ್‌ಗೆ ವ್ಯಾಖ್ಯೆ ಕೊಡುವವರೆಗೆ ನನ್ನ ತಂಗಿಗೆ “ಎಲ್ಲಾ ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಆಗಿಲ್ಲ” ಎಂಬ ಮಾತೇ ಔಷಧಿಯಾಗಿತ್ತು.

ಹುಬ್ಬಳ್ಳಿ ಫಿಸಿಯೋ
ಇಬ್ಬರೂ ಜಗಳ ಬಿಡಿ, ಇಬ್ಬರೂ ಹೇಳುತ್ತಿರುವುದು ನಿಜ. ಆದರೆ ಬೇರೆ ಬೇರೆ ರೋಗಿಗಳ ಬಗ್ಗೆ ಹೇಳುತ್ತಿದ್ದೀರಿ.

ತುಂಗಾತೀರ ಅವರ ತಂದೆಯವರದು ಹಾಸಿಗೆ ಹಿಡಿದು ಸ್ನಾಯು ಕರಗಿದ ಪ್ರಕರಣ. ವಯಸ್ಸಾದವರಲ್ಲಿ ಇದು ಬಹಳ ಬೇಗ ಆಗುತ್ತದೆ. ಅವರಿಗೆ ಚಲನೆಯೇ ಮದ್ದು, ದಿನಕ್ಕೆ ಸ್ವಲ್ಪ ಹೆಚ್ಚಿಸುತ್ತಾ ಹೋಗಬೇಕು. ಶ್ರಮದ ನಂತರ ಕುಸಿಯುವವರದು ಬೇರೆ ದಾರಿ. ಎಂಇ ಎಂದು ಕರೆಯುವ ದೀರ್ಘ ಆಯಾಸದ ಕಾಯಿಲೆಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಮೊದಲು ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆ ಹೇಳುತ್ತಿತ್ತು. 2021ರಲ್ಲಿ ಮಾರ್ಗಸೂಚಿ ಬದಲಿಸಿ ಅದನ್ನು ಕೊಡಬಾರದು ಎಂದಿತು.

ಯಾವ ಗುಂಪು ಎಂದು ಮನೆಯಲ್ಲೇ ಹೇಗೆ ತಿಳಿಯುವುದು? ನಡೆಯುವಾಗ ಹೇಗಿದ್ದಾರೆ ಎಂಬುದನ್ನಷ್ಟೇ ನೋಡಿದರೆ ಸಾಲದು. ನಂತರದ ಎರಡು ಮೂರು ದಿನ ನೋಡಿ. ಸುಸ್ತಾಗಿ, ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಸುಧಾರಿಸಿಕೊಂಡರೆ ನಿಧಾನವಾಗಿ ಹೆಚ್ಚಿಸಬಹುದು. ನಿದ್ದೆಯಾದ ಮೇಲೂ ಮೈಕೈ ನೋವು, ತಲೆ ಮಂಕು, ಎದ್ದು ನಿಲ್ಲಲಾರದ ಸ್ಥಿತಿ ಬಂದರೆ ಆ ಕೆಲಸ ಅವರ ಶಕ್ತಿಗೆ ಮೀರಿತ್ತು ಎಂದೇ ಅರ್ಥ. ಮುಂದಿನ ಸಲ ಅದರ ಅರ್ಧಕ್ಕಿಂತ ಕಡಿಮೆ ಮಾಡಿಸಿ. ಶಾಲೆಯ ನಂತರ ಆದ ಕುಸಿತ ಒಂದೇ ಸಲದ್ದು, ಅದರಿಂದ ತೀರ್ಪು ಕೊಡಲಾಗದು. ಒಂದು ಪುಟ್ಟ ಡೈರಿ ಇಡಿ: ಏನು ಮಾಡಿದರು, ಮರುದಿನ ಹೇಗಿದ್ದರು. ವೈದ್ಯರಿಗೆ ಅದಕ್ಕಿಂತ ಉಪಯುಕ್ತ ಕಾಗದ ಇನ್ನೊಂದಿಲ್ಲ.

ಹಳೇ ಮೈಸೂರು
ಭಾರತೀಯ ವೈದ್ಯಕೀಯ ಸಂಘ (ಐಎಂಎ) 2023ರ ಮಾರ್ಚ್‌ನಲ್ಲಿ ಎಚ್‌3ಎನ್‌2 ಜೋರಾಗಿದ್ದಾಗ ಜ್ವರ ಮೂರು ದಿನಕ್ಕೆ ಹೋಗುತ್ತದೆ, ಕೆಮ್ಮು ಮೂರು ವಾರದವರೆಗೆ ಇರಬಹುದು ಎಂದಿತ್ತು. ಒಂದೂವರೆ ತಿಂಗಳು ಅಂದರೆ ಏನೋ ಬೇರೆ ಇದೆ. ಒಂದು ಕೋರ್ಸ್ ಅಜಿತ್ರೋಮೈಸಿನ್ ತೆಗೆದುಕೊಳ್ಳಿ, ಮೆಡಿಕಲ್ ಅಂಗಡಿಯಲ್ಲಿ ಕೊಡುತ್ತಾರೆ.

ಮಂಗಳೂರು ನರ್ಸ್
ಬೇಡ, ಬೇಡ, ಬೇಡ. ಅದೇ ಐಎಂಎ ಪ್ರಕಟಣೆ ಬಂದದ್ದೇ ಸುಮ್ಮನೆ ಆಂಟಿಬಯೋಟಿಕ್ ನುಂಗಬೇಡಿ ಎಂದು ಹೇಳಲು. ವೈರಸ್‌ಗೆ ಅದು ತಾಗುವುದಿಲ್ಲ. ಇನ್ನೊಂದು ಮಾತು, ಆಸ್ಪತ್ರೆಯಿಂದ ತಂದು ಉಳಿದ ಸ್ಟೀರಾಯ್ಡ್ ಮಾತ್ರೆ ಮನೆಯಲ್ಲಿದ್ದರೆ “ಕೆಮ್ಮು ಬಂದಿದೆ, ಒಂದು ನುಂಗೋಣ” ಎಂದು ಯಾರೂ ಕೈಹಾಕಬಾರದು. ಸಕ್ಕರೆ ಏರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಅಷ್ಟು ಜನರ ಕಣ್ಣು ಕಿತ್ತುಕೊಂಡಾಗ ಮಧುಮೇಹ ಮತ್ತು ಸ್ಟೀರಾಯ್ಡ್ ಎರಡೂ ಕೂಡಿಕೊಂಡಿದ್ದವು. ವೈದ್ಯರೇ ಕೊಟ್ಟಿದ್ದು ಇನ್ನೂ ನಡೆಯುತ್ತಿದ್ದರೆ ದಿಢೀರನೆ ನಿಲ್ಲಿಸುವುದೂ ತಪ್ಪು.

ಮೂರು ವಾರದ ಲೆಕ್ಕ ಬರೀ ಫ್ಲೂ ಬಂದು ಹೋದವರಿಗೆ. ನ್ಯುಮೋನಿಯಾ ಆದವರ ಲೆಕ್ಕ ಉದ್ದ. ಬ್ರಿಟನ್ನಿನಲ್ಲಿ ರೋಗಿಗೆ ಹೇಳಿ ಕಳಿಸುವುದು ಹೀಗೆ: ಒಂದು ವಾರಕ್ಕೆ ಜ್ವರ ಹೋಗಬೇಕು, ನಾಲ್ಕು ವಾರಕ್ಕೆ ಎದೆನೋವು, ಕಫ ಬಹಳ ಇಳಿಯಬೇಕು, ಆರು ವಾರಕ್ಕೆ ಕೆಮ್ಮು, ಏದುಸಿರು ಬಹಳ ಇಳಿಯಬೇಕು, ಮೂರು ತಿಂಗಳಿಗೆ ಹೆಚ್ಚಿನವು ಹೋದರೂ ಸುಸ್ತು ಉಳಿದಿರಬಹುದು, ಆರು ತಿಂಗಳಿಗೆ ಹೆಚ್ಚಿನವರು ಮೊದಲಿನಂತಾಗುತ್ತಾರೆ. ಈ ಒಂದು ಮಾತನ್ನು ಬಿಡುಗಡೆಯ ದಿನ ನಮ್ಮ ವಾರ್ಡುಗಳಲ್ಲಿ ಯಾರೂ ಹೇಳುವುದಿಲ್ಲ. ಮಾತ್ರೆ ಚೀಟಿ ಕೈಗಿಟ್ಟು ಕಳಿಸುತ್ತೇವೆ. ಮನೆಯವರು ಹದಿನೈದು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡು ಕೂರುತ್ತಾರೆ, ರೋಗಿ ತಾನೇ ಅಪರಾಧಿ ಎಂಬಂತೆ ಮುದುಡುತ್ತಾನೆ. ನನಗೆ ಸಿಟ್ಟು ಬರುವುದು ಇದಕ್ಕೇ.

ದಾವಣಗೆರೆಯ ಗೃಹಿಣಿ
ಸಿಸ್ಟರ್, ನೀವು ಬರೆದಿದ್ದನ್ನು ಅವರಿಗೆ ಓದಿ ಹೇಳಿದೆ. “ಆರು ತಿಂಗಳು ಎಂದು ಮೊದಲೇ ಹೇಳಿದ್ದರೆ ನಾನು ಶಾಲೆಗೆ ಓಡುತ್ತಲೇ ಇರಲಿಲ್ಲ” ಎಂದರು. ಇವತ್ತು ಮೊದಲ ಸಲ ಪೂರ್ತಿ ತಟ್ಟೆ ಊಟ ಮಾಡಿದರು.

ಕಾಫಿ ಘಮ
ಅವರಿಗೆ ಬಿಪಿ ಮಾತ್ರೆ ಇದೆಯೇ ಅಕ್ಕ? ಯಾಕೆ ಕೇಳುತ್ತಿದ್ದೇನೆ ಎಂದರೆ ರಾಮಿಪ್ರಿಲ್, ಎನಾಲಾಪ್ರಿಲ್ ಜಾತಿಯ ಮಾತ್ರೆಗಳಿಂದ ಒಣಕೆಮ್ಮು ಬರುತ್ತದೆ. ನಮ್ಮ ಮಾವನವರು ಫ್ಲೂ ನಂತರದ ಕೆಮ್ಮು ಎಂದು ಮನೆಮದ್ದು ಎಲ್ಲವನ್ನೂ ಮಾಡಿ ಮುಗಿಸಿದ್ದರು. ವೈದ್ಯರು ಬಿಪಿ ಮಾತ್ರೆ ಬದಲಿಸಿದ ಮೇಲೆ ನಿಂತಿತು. ನೀವಾಗಿ ನಿಲ್ಲಿಸಬೇಡಿ, ಕೇಳಿ ಬದಲಿಸಿ.

ಬೆಳಗಾವಿ ಕುಂದಾ
ಮಲಗಿದ ಕೂಡಲೇ ಕೆಮ್ಮು ಅಂದರೆ ಹುಳಿತೇಗು, ಎದೆಯುರಿ ಕೂಡ ಇರಬಹುದು. ಊಟ ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಸಿ, ತಲೆಯ ಕಡೆ ಎತ್ತರಿಸಿ. ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಬೇಕು ಎಂದು ಕ್ಷಯರೋಗ ಕಾರ್ಯಕ್ರಮದವರು ಹೇಳುತ್ತಲೇ ಇರುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾಡಿಸಿದ್ದೀರಾ?

ದಾವಣಗೆರೆಯ ಗೃಹಿಣಿ
ಕಫ ಪರೀಕ್ಷೆ ಆಗಿದೆ, ಕ್ಷಯ ಇಲ್ಲ. ಬಿಪಿ ಮಾತ್ರೆ ಇಲ್ಲ. ಎದೆಯುರಿ ಇದೆ! ಅತ್ತೆಯವರು ದಿನಕ್ಕೆ ಮೂರು ಹೊತ್ತು ಕಾಳುಮೆಣಸು, ಶುಂಠಿ, ಅತಿಮಧುರ ಹಾಕಿ ಕಷಾಯ ಕೊಡುತ್ತಿದ್ದಾರೆ. ಬೇಡ ಎಂದರೆ ನೊಂದುಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು
ಕಷಾಯ ನಿಲ್ಲಿಸಿ ಎಂದು ಹೇಳುವ ಬದಲು ಯಾವ ಕಷಾಯ ಎಂಬುದನ್ನು ಬದಲಿಸಿ ತಾಯಿ. ಕೊತ್ತಂಬರಿ ಬೀಜ, ಜೀರಿಗೆಯ ತೆಳು ಕಷಾಯಕ್ಕೆ ಹಾಲು ಬೆರೆಸಿ ಕೊಡಲಿ, ಒಂದು ಹೊತ್ತು ಸಾಕು. ಅತಿಮಧುರವನ್ನು ದಿನಾ ತಿಂಗಳುಗಟ್ಟಲೆ ಕೊಟ್ಟರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮಗನಿಗಾಗಿ ಏನಾದರೂ ಮಾಡಬೇಕೆಂಬ ತಾಯಿಯ ಹಂಬಲವನ್ನು ಬೇರೆ ಕೆಲಸಕ್ಕೆ ತಿರುಗಿಸಿ. ಮೊಳಕೆ ಹೆಸರುಕಾಳಿನ ಉಸಲಿ, ಹುರುಳಿ ಕಟ್ಟಿನ ಸಾರು, ತಿನ್ನುವವರಾದರೆ ಮೊಟ್ಟೆ. ಪಥ್ಯ ಎಂದು ಗಂಜಿ, ತಿಳಿಸಾರಿನಲ್ಲೇ ತಿಂಗಳು ತಳ್ಳಿದರೆ ಕರಗಿದ ಸ್ನಾಯು ಹಿಂದೆ ಬರುವುದು ಎಲ್ಲಿಂದ?

ನಾನೂ ಶಿಕ್ಷಕನಾಗಿದ್ದವನು, ರಜೆಯ ಮಾತೂ ಹೇಳುತ್ತೇನೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಪರಿವರ್ತಿತ ರಜೆ ಸಿಗುತ್ತದೆ, ಪೂರ್ಣ ಸಂಬಳ ಬರುತ್ತದೆ. ಆದರೆ ಅರ್ಧ ವೇತನ ರಜೆಯ ಖಾತೆಯಿಂದ ಎರಡು ಪಟ್ಟು ಕಳೆಯುತ್ತಾರೆ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನದಂತೆ ಜಮೆಯಾಗುತ್ತದೆ. ಇಷ್ಟು ವರ್ಷ ಸೇವೆ ಮಾಡಿದವರ ಖಾತೆಯಲ್ಲಿ ಬೇಕಾದಷ್ಟು ಇರುತ್ತದೆ. ಇದನ್ನು ಈಗ ಬಳಸದೆ ಯಾವಾಗ ಬಳಸುವುದು? ಗಳಿಕೆ ರಜೆಯನ್ನು ಮುಟ್ಟುವ ಮೊದಲು ಇದನ್ನು ಕೇಳಿ.

ಹಳೇ ಮೈಸೂರು
ಎಲ್ಲರೂ ಕಷಾಯವನ್ನು ಬೈಯುವುದು ಈಗಿನ ಫ್ಯಾಷನ್ ಆಗಿದೆ. ನಮ್ಮ ಅಜ್ಜಿಯ ಕಾಲದಲ್ಲಿ ದೊಡ್ಡಪತ್ರೆ ರಸ, ಜೇನುತುಪ್ಪದಲ್ಲೇ ಎಲ್ಲ ಹೋಗುತ್ತಿತ್ತು.

ಮಂಗಳೂರು ನರ್ಸ್
ಯಾರೂ ಬೈದಿಲ್ಲ ಸರ್. ಜೇನುತುಪ್ಪ ಕೆಮ್ಮಿಗೆ ಹಿತ ಎಂಬುದು ನಿಜವೇ. ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು, ಸಕ್ಕರೆ ಕಾಯಿಲೆಯವರು ಲೆಕ್ಕ ಇಟ್ಟುಕೊಳ್ಳಬೇಕು. ನನಗೆ ಕಷಾಯಕ್ಕಿಂತ ಹೆಚ್ಚು ಭಯ ಹೊಗೆಯದ್ದು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ನೀರೊಲೆಯ ಹೊಗೆ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ಇನ್ನೂ ಗಾಯ ಮಾಗದ ಶ್ವಾಸನಾಳಕ್ಕೆ ಇವೆಲ್ಲ ಉಜ್ಜಿದ ಹಾಗೆ. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿ, ಅಡುಗೆಮನೆ ಕಿಟಕಿ ತೆರೆದು ಒಗ್ಗರಣೆ ಹಾಕಿ.

ಹಳೇ ಮೈಸೂರು
ದೇವರಿಗೆ ಊದುಬತ್ತಿಯೂ ಬೇಡವೇ?

ನಿವೃತ್ತ ಮೇಷ್ಟ್ರು
ದೀಪ ಹಚ್ಚಿ, ಹೂ ಇಡಿ. ದೇವರಿಗೆ ಸಾಕಾಗುತ್ತದೆ.

ದುಬೈ ಕನ್ನಡಿಗ
ನಾನು ರೋಗಿಯ ಕಡೆಯಿಂದ ಬರೆಯುತ್ತೇನೆ. ಕೋವಿಡ್ ನಂತರ ವರ್ಷದ ಹತ್ತಿರ ಹತ್ತಿರ ನಾನು ಹೀಗೆಯೇ ಇದ್ದೆ. ಹೊರಗಿನಿಂದ ನೋಡಿದರೆ ಮೈಕಟ್ಟು ಹಾಗೇ ಇತ್ತು, ಅದೇ ದೊಡ್ಡ ಕಷ್ಟ. ಪ್ಲಾಸ್ಟರ್ ಇದ್ದರೆ ಜನ ದಾರಿ ಬಿಡುತ್ತಾರೆ, ಸುಸ್ತಿಗೆ ಯಾರೂ ಬಿಡುವುದಿಲ್ಲ.

ಹೆಂಡತಿ ಮಾಡಿದ ಕೆಲವು ಕೆಲಸಗಳು ನನ್ನನ್ನು ಉಳಿಸಿದವು. “ಈಗ ಹೇಗಿದೆ?” ಎಂದು ಗಂಟೆಗೊಮ್ಮೆ ಕೇಳುವುದನ್ನು ನಿಲ್ಲಿಸಿದಳು. ಪ್ರತಿ ಸಲ ಕೇಳಿದಾಗಲೂ “ಪರವಾಗಿಲ್ಲ” ಎಂದು ಸುಳ್ಳು ಹೇಳುವುದೇ ಒಂದು ಕೆಲಸವಾಗಿತ್ತು. ಅದರ ಬದಲು ಬೆಳಿಗ್ಗೆ ಒಮ್ಮೆ “ಇವತ್ತು ಎಷ್ಟಾಗುತ್ತದೆ?” ಎಂದು ಕೇಳುತ್ತಿದ್ದಳು. ನಾನು ಹೇಳಿದ್ದನ್ನು ನಂಬುತ್ತಿದ್ದಳು. ಸ್ನಾನದ ಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟಳು. ತಲೆಯ ಮೇಲಿಂದ ಎಳೆದುಕೊಳ್ಳುವ ಬನಿಯನ್ ತೆಗೆದಿಟ್ಟು ಗುಂಡಿಯ ಅಂಗಿ ಕೊಟ್ಟಳು. ಕೈ ಮೇಲೆತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಸ್ನಾನದ ದಿನ ಬೇರೆ ಯಾವ ಕೆಲಸವನ್ನೂ ಇಡುತ್ತಿರಲಿಲ್ಲ.

ಇನ್ನು ನೋಡಲು ಬರುವವರು. ಸೇಬು, ಹಾರ್ಲಿಕ್ಸ್ ಹಿಡಿದು ಬಂದು ತಾಸುಗಟ್ಟಲೆ ಕೂರುವವರ ಜೊತೆ ಮಾತಾಡುವುದು ಮೆಟ್ಟಿಲು ಹತ್ತಿದ್ದಕ್ಕಿಂತ ಹೆಚ್ಚು ಸುಸ್ತು. ನನ್ನವಳು ಬಾಗಿಲಲ್ಲೇ “ಹತ್ತು ನಿಮಿಷ, ಅವರು ಹೆಚ್ಚು ಮಾತಾಡುವಂತಿಲ್ಲ, ಡಾಕ್ಟರ್ ಹೇಳಿದ್ದಾರೆ” ಎನ್ನುತ್ತಿದ್ದಳು. ಡಾಕ್ಟರ ಹೆಸರಿಗೆ ಇರುವ ತೂಕ ಹೆಂಡತಿಯ ಮಾತಿಗೆ ಇಲ್ಲ ನಮ್ಮಲ್ಲಿ.

ಕಾಫಿ ಘಮ
ಕೊನೆಯ ಸಾಲು ನೂರಕ್ಕೆ ನೂರು ಸತ್ಯ.

ಕರಾವಳಿ ಹುಡುಗಿ
ನಡುವೆ ಒಂದು ಪ್ರಶ್ನೆ. ಅಮ್ಮನಿಗೆ ಫ್ಲೂ ಬಂದು ಎರಡು ತಿಂಗಳಾಯಿತು, ಈಗ ಬಾಚಣಿಗೆ ತುಂಬ ಕೂದಲು. ಮತ್ತೆ ಕಾಯಿಲೆಯೇ?

ಮಂಗಳೂರು ನರ್ಸ್
ಜೋರು ಜ್ವರದ ಎರಡು ಮೂರು ತಿಂಗಳ ನಂತರ ಕೂದಲು ಉದುರುವುದು ಸಾಮಾನ್ಯ. ಸಾಮಾನ್ಯವಾಗಿ ತಾನಾಗಿಯೇ ಮರಳಿ ಬರುತ್ತದೆ. ರಕ್ತದಲ್ಲಿ ಕಬ್ಬಿಣ ಮತ್ತು ಥೈರಾಯ್ಡ್ ಒಮ್ಮೆ ನೋಡಿಸಿ.

ಬೆಳಗಾವಿ ಕುಂದಾ
ವಾಸನೆ ಹೋದವರಿಗೂ ಒಂದು ಮಾತು. ನನಗೆ ತಿಂಗಳುಗಟ್ಟಲೆ ಈರುಳ್ಳಿ ಹುರಿದರೆ ಕೊಳೆತ ವಾಸನೆ ಬರುತ್ತಿತ್ತು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಇವನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಸುಮಾರು 20 ಸೆಕೆಂಡ್ ಗಮನವಿಟ್ಟು ಮೂಸುವ ಅಭ್ಯಾಸವನ್ನು ಕಿವಿ-ಮೂಗು-ಗಂಟಲು ವೈದ್ಯರು ಹೇಳಿಕೊಟ್ಟರು. ತಿಂಗಳುಗಳು ಬೇಕು, ಬಿಡಬಾರದು.

ತುಂಗಾತೀರ
ಅಕ್ಕ, ರಕ್ತದ ಆಮ್ಲಜನಕ ತೋರಿಸಲು ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಎಷ್ಟು ತೋರಿಸುತ್ತದೆ?

ದಾವಣಗೆರೆಯ ಗೃಹಿಣಿ
ಕುಳಿತಾಗ 97. ಮಹಡಿ ಹತ್ತಿ ಬಂದ ಮೇಲೆ ಒಮ್ಮೆ 91 ತೋರಿಸಿತು, ಕೂಡಲೇ ಮೇಲೆ ಬಂತು. ಗಾಬರಿಯಾಗಿ ಈಗ ರಾತ್ರಿ ಎದ್ದೆದ್ದು ನೋಡುತ್ತಿದ್ದೇನೆ.

ಹುಬ್ಬಳ್ಳಿ ಫಿಸಿಯೋ
ಕೈ ತಣ್ಣಗಿದ್ದರೆ, ಅಲುಗಾಡಿದರೆ ಅಂಕಿ ತಪ್ಪು ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾದು ನೋಡಿ. ಆದರೂ ಶ್ರಮಪಟ್ಟಾಗ ಇಳಿಯುವುದನ್ನು ಬಿಡುವಂತಿಲ್ಲ. ಈ ವಾರವೇ ಶ್ವಾಸಕೋಶ ತಜ್ಞರ ಬಳಿ ಹೋಗಿ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ, ಹೃದಯವನ್ನೂ ನೋಡಲಿ. ಅಲ್ಲಿಯವರೆಗೆ ಮಹಡಿ ಬೇಡ, ಹಾಸಿಗೆ ಕೆಳಗೆ ತನ್ನಿ. ರಾತ್ರಿ ಎದ್ದೆದ್ದು ನೋಡುವುದನ್ನು ನಿಲ್ಲಿಸಿ, ಇಬ್ಬರ ನಿದ್ದೆಯೂ ಹಾಳು. ಬೆಳಿಗ್ಗೆ, ಸಂಜೆ ಒಮ್ಮೊಮ್ಮೆ ಸಾಕು.

ಉಸಿರು ಸಿಕ್ಕಿಕೊಂಡಾಗ ಕುರ್ಚಿಯಲ್ಲಿ ಕುಳಿತು ಮುಂದೆ ಬಾಗಿ, ಮೊಣಕೈ ತೊಡೆಯ ಮೇಲೆ ಊರಿ, ಮೂಗಿನಿಂದ ಎಳೆದು, ತುಟಿ ಗುಂಡಗೆ ಮಾಡಿ ನಿಧಾನವಾಗಿ ಬಿಡಲಿ. ಬಿಡುವ ಹೊತ್ತು ಎಳೆದ ಹೊತ್ತಿಗಿಂತ ಉದ್ದ ಇರಲಿ.

ಮಂಗಳೂರು ನರ್ಸ್
ಇದನ್ನು ಬೇರೆಯಾಗಿಯೇ ಬರೆಯುತ್ತೇನೆ, ಯಾರ ಮನೆಯಲ್ಲಾದರೂ ಬೇಕಾಗಬಹುದು. ಸುಮ್ಮನೆ ಕುಳಿತಿದ್ದಾಗಲೇ ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಒಂದೇ ಕಾಲಿಗೆ ಬಾವು, ತುಟಿ ನೀಲಿ, ಮಾತು ತೊದಲುವುದು ಅಥವಾ ಗೊಂದಲ, ಇಳಿದಿದ್ದ ಜ್ವರ ಮತ್ತೆ ಏರುವುದು. ಇವುಗಳಲ್ಲಿ ಯಾವುದು ಬಂದರೂ ಈ ಚರ್ಚೆ ಓದುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ.

ಎರಡನೇ ಅಲೆ ಕಂಡವಳು
ಅಕ್ಕ, ಎಲ್ಲರೂ ಅವರ ಬಗ್ಗೆ ಕೇಳಿದರು. ನೀವು ಹೇಗಿದ್ದೀರಿ? ಅಡುಗೆ, ಔಷಧಿ, ಅತ್ತೆ, ಮಕ್ಕಳು, ರಾತ್ರಿ ಕೆಮ್ಮಿದಾಗ ಬಿಸಿನೀರು, ಇವೆಲ್ಲ ಒಬ್ಬರೇ ಮಾಡುತ್ತಿದ್ದೀರಿ ಎಂದು ನಿಮ್ಮ ಬರಹದಲ್ಲೇ ಕಾಣುತ್ತಿದೆ. “ಅಣ್ಣನನ್ನು ಮಲಗಲು ಬಿಡಿ” ಎನ್ನುವ ಮೈದುನ ಶನಿವಾರ ರಾತ್ರಿ ಅಣ್ಣನ ಕೋಣೆಯಲ್ಲಿ ಮಲಗಲಿ. ಸಲಹೆ ಕೊಟ್ಟವರಿಗೆಲ್ಲ ಒಂದೊಂದು ಕೆಲಸ ಕೊಡಿ. ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವರೂ ಮಾತಾಡಬಹುದು, ನೀವೂ ಮಾತಾಡಬಹುದು.

ದಾವಣಗೆರೆಯ ಗೃಹಿಣಿ
ಈ ಪ್ರಶ್ನೆ ಕೇಳಿದ್ದು ನೀವೊಬ್ಬರೇ. ಓದಿ ಅತ್ತುಬಿಟ್ಟೆ.

ದಾವಣಗೆರೆಯ ಗೃಹಿಣಿ
ಹೊಸ ವಿಷಯ. ಶ್ವಾಸಕೋಶ ತಜ್ಞರಲ್ಲಿಗೆ ಹೋಗಿ ಬಂದೆವು. ಡೈರಿ ಕೊಟ್ಟೆ, ಪೂರ್ತಿ ಓದಿದರು. ಹೃದಯದ ಸ್ಕ್ಯಾನ್ (ಎಕೋ) ಸರಿಯಾಗಿದೆ. ನಡಿಗೆ ಪರೀಕ್ಷೆಯಲ್ಲಿ 93ರವರೆಗೆ ಮಾತ್ರ ಇಳಿಯಿತು. ಹಿಮೋಗ್ಲೋಬಿನ್ ಕಡಿಮೆ ಇದೆ, ಸ್ಟೀರಾಯ್ಡ್‌ನಿಂದ ಏರಿದ ಸಕ್ಕರೆ ಇಳಿಯುತ್ತಿದೆ. ಎದೆಯುರಿಗೆ ಮಾತ್ರೆ ಕೊಟ್ಟಿದ್ದಾರೆ, ರಾತ್ರಿ ಕೆಮ್ಮು ಆಗಲೇ ಕಡಿಮೆ. ಇನ್ನೊಂದು ತಿಂಗಳು ರಜೆ ಬರೆದುಕೊಟ್ಟರು. ಮನೆಯೊಳಗೇ ಸ್ವಲ್ಪ ಸ್ವಲ್ಪ ನಡಿಗೆ, ಮರುದಿನ ಕುಸಿದರೆ ಅರ್ಧಕ್ಕೆ ಇಳಿಸಿ ಎಂದರು. ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆ, ಅವರ ಎದುರಿಗೇ ಹೇಳಿಸಿದೆ. ಈಗ ಉಸಲಿ ಅವರ ಇಲಾಖೆ.

ತುಂಗಾತೀರ
ಅತ್ತೆಯವರನ್ನು ಕರೆದುಕೊಂಡು ಹೋಗಿದ್ದು ಒಳ್ಳೆಯ ಕೆಲಸ. ಆದರೂ ಹೇಳುತ್ತೇನೆ, ಕುಸಿತ ಆಗದಿದ್ದರೆ ನಡಿಗೆ ಹೆಚ್ಚಿಸುವುದನ್ನು ಮರೆಯಬೇಡಿ. ಹೆದರಿಕೆಯಿಂದ ಕುಳಿತವರೂ ಕುಳಿತೇ ಉಳಿಯುತ್ತಾರೆ.

ಹುಬ್ಬಳ್ಳಿ ಫಿಸಿಯೋ
ಒಪ್ಪಿದೆ.

ನಿವೃತ್ತ ಮೇಷ್ಟ್ರು
ಶಾಲೆಗೆ ಮರಳುವಾಗ ಮುಖ್ಯೋಪಾಧ್ಯಾಯರನ್ನು ಮೊದಲೇ ಕಂಡು ಕೆಳಮಹಡಿಯ ತರಗತಿ ಕೇಳಿ. ಕುಳಿತು ಪಾಠ ಮಾಡಲಿ, ಹಲಗೆಯ ಮೇಲೆ ಲೆಕ್ಕ ಬಿಡಿಸಲು ಮಕ್ಕಳನ್ನು ಕರೆಯಲಿ. ಸೊಂಟಕ್ಕೆ ಕಟ್ಟುವ ಪುಟ್ಟ ಧ್ವನಿವರ್ಧಕ ಸಿಗುತ್ತದೆ, ಗಂಟಲು ಉಳಿಯುತ್ತದೆ. ಮುಂದಿನ ಮಳೆಗಾಲದ ಮೊದಲು ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ, ಅದನ್ನು ಪ್ರತಿವರ್ಷ ಹಾಕಿಸಿಕೊಳ್ಳಬೇಕು.

ದಾವಣಗೆರೆಯ ಗೃಹಿಣಿ
ಕೊನೆಯದಾಗಿ ಒಂದು. ಬರುವ ಭಾನುವಾರ ಚಿತ್ರದುರ್ಗದಲ್ಲಿ ನಾದಿನಿಯ ಮಗಳ ಮದುವೆ. ಸೋದರಮಾವ ಬರದಿದ್ದರೆ ಹೇಗೆ ಎಂದು ಒಂದೇ ಒತ್ತಾಯ. ಅವರಿಗೂ ಹೋಗುವ ಆಸೆ.

ದುಬೈ ಕನ್ನಡಿಗ
ಹೋಗಲಿ. ಆಸೆಯಿದ್ದಾಗ ತಡೆದರೆ ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ಆದರೆ ಶನಿವಾರ, ಸೋಮವಾರ, ಮಂಗಳವಾರ ಪೂರ್ತಿ ಖಾಲಿ ಇಡಿ. ಧಾರೆಯ ಹೊತ್ತಿಗೆ ಕಾರಿನಲ್ಲಿ ಹೋಗಿ, ಹೋಮದ ಹೊಗೆ ಬಾರದ ಕಡೆ ಕುರ್ಚಿ ಹಾಕಿಸಿ, ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಹೊರಡಿ. ಫೋಟೋಗೆ ವೇದಿಕೆ ಹತ್ತುವುದು ಒಂದೇ ಸಲ.

ಮಂಗಳೂರು ನರ್ಸ್
ಮಾಸ್ಕ್ ಮರೆಯಬೇಡಿ, ಕೆಮ್ಮುವ ನೆಂಟರು ಹತ್ತಿರ ಬಂದರೆ ನೀವೇ ನಡುವೆ ನಿಲ್ಲಿ. ಸೋಮವಾರ, ಮಂಗಳವಾರ ಹೇಗಿದ್ದರು ಎಂದು ಡೈರಿಯಲ್ಲಿ ಬರೆದು ಇಲ್ಲಿಯೂ ಹಾಕಿ.